ಹಿಮ ಬೀಳುವ ತಾರೀಖು

ಸಿಲೆ ನದಿಯ ದಡದ ಆ ಊರಿನಲ್ಲಿ ಯಾರ ವಯಸ್ಸನ್ನು ಕೇಳಿದರೂ ಹೇಳುತ್ತಾರೆ. ರಾದಿಕ್ಕಿಯೊ ಸೊಪ್ಪಿನ ಸಸಿ ಯಾವತ್ತು ನೆಡುತ್ತೀರಿ ಎಂದರೆ ಮಾತ್ರ ಊರಿಗೆ ಊರೇ ಕಿವುಡು. ಎಜಿಡಿಯೊನ ಗ್ರಹಚಾರ ಶುರುವಾದದ್ದು ಇಲ್ಲಿಂದಲೇ.

ಆ ಕೆಂಪು ಸೊಪ್ಪಿನ ಗುಣವೇ ಹಾಗೆ. ನವೆಂಬರಿನಲ್ಲಿ ಎರಡು ಸಲ ಹಿಮ ಬಡಿದ ಮೇಲೆಯೇ ಕೀಳಬೇಕು. ಆ ದಿನದಿಂದ ಹಿಂದಕ್ಕೆ ಎಣಿಸಿ ಅಲ್ಲಿನ ಬೇಸಿಗೆಯಾದ ಜುಲೈ-ಆಗಸ್ಟಿನಲ್ಲಿ ನೆಡಬೇಕು. ಪೇಟೆಯಲ್ಲಿ ಬಸ್ ಓಡಿಸಿ ನಿವೃತ್ತನಾಗಿ ಹೆಂಡತಿಯ ಊರು ಸೇರಿದ್ದ ಎಜಿಡಿಯೊ ಮೊದಲ ವರ್ಷ ಬೇಗ ನೆಟ್ಟ, ಗಿಡ ಹೂ ಬಿಟ್ಟು ಸೊಪ್ಪು ಕೆಟ್ಟಿತು. ಹೋದ ವರ್ಷ ತಡವಾಗಿ ನೆಟ್ಟ, ಹಿಮ ಬಂದಾಗ ಎಲೆ ಇಲಿಯ ಕಿವಿಯಷ್ಟಿತ್ತು.

"ಅಳಿಯಂದ್ರೇ, ಈ ಸಲಾನೂ ಕೆಡಿಸಿದ್ರೆ ಹೊಲ ನನ್ನ ತಂಗಿ ಮಗನಿಗೆ ಕೊಟ್ಬಿಡ್ತೀನಿ" ಎಂದು ಅತ್ತೆ ಒಲಿಂಪಿಯಾ ಖಡಾಖಂಡಿತವಾಗಿ ಹೇಳಿದ್ದಳು. ಅವಳೂ ದಿನ ಹೇಳಿಕೊಟ್ಟಿರಲಿಲ್ಲ.

ಜುಲೈ ಕೊನೆಯ ಒಂದು ಬೆಳಗ್ಗೆ ಅವನು ಪಕ್ಕದ ಮನೆಯ ಲೊರೆದಾನಾಳನ್ನು ಕೇಳಿದ. "ಅಕ್ಕಾ, ಈ ವರ್ಷ ಹಿಮ ಯಾವಾಗ ಬೀಳ್ಬಹುದು?"

"ಚಳಿ ಆದಾಗ ಕಣಪ್ಪ" ಎಂದು ಅವಳು ಬಟ್ಟೆ ಒಣಹಾಕತೊಡಗಿದಳು.

ವೈನ್ ಅಂಗಡಿಯಲ್ಲಿ ಒಬ್ಬ ನವೆಂಬರ್ ಐದು ಎಂದ, ಇನ್ನೊಬ್ಬ ಇಪ್ಪತ್ತೈದು ಎಂದ. ಮೂರನೆಯವನು, "ಹಿಮ ಏನು ನಿನ್ ಬಸ್ಸಾ, ಟೈಮಿಗೆ ಬರೋಕೆ?" ಎಂದು ನಕ್ಕ.

ಎಜಿಡಿಯೊ ಹಠಕ್ಕೆ ಬಿದ್ದ. ಮರುದಿನ ಬೆಳಗ್ಗೆಯೇ ಊರಿನ ಅತಿ ನುರಿತ ಬೇಸಾಯಗಾರ ಬೆಪಿ ತಾತನ ಹೊಲದ ಪಕ್ಕ, ಜೋಳದ ಗಿಡಗಳ ನಡುವೆ ಬೋರಲು ಮಲಗಿ ಕಾದ. ಇರುವೆ ಕಚ್ಚಿದರೂ ಅಲುಗಲಿಲ್ಲ. ಹತ್ತು ಗಂಟೆಗೆ ತಾತ ಸಸಿಯ ಪೆಟ್ಟಿಗೆ ಹೊತ್ತು ತಂದು ಸಾಲಿನ ಬದಿಗಿಟ್ಟ. ಅಷ್ಟೇ ಸಾಕಾಯಿತು. ಎಜಿಡಿಯೊ ಎದ್ದುಬಿದ್ದು ಓಡಿ ಅಲ್ಲೇ ಎದುರಿಗಿದ್ದ ತನ್ನ ಹೊಲದಲ್ಲಿ ಕೂತು ನೆಡತೊಡಗಿದ.

ಮಧ್ಯಾಹ್ನದ ಹೊತ್ತಿಗೆ ತಲೆಯೆತ್ತಿ ನೋಡಿದರೆ ತಾತ ನೆಡುತ್ತಿದ್ದ, ಲೊರೆದಾನಾ ನೆಡುತ್ತಿದ್ದಳು, ವೈನ್ ಅಂಗಡಿಯ ಮೂವರೂ ನೆಡುತ್ತಿದ್ದರು. ಅವನಿಗೆ ಖುಷಿಯೋ ಖುಷಿ. ಕೊನೆಗೂ ದಿನ ಸಿಕ್ಕಿತ್ತು!

ಸಂಜೆ ಎಲ್ಲರೂ ಕಾಲುವೆಯಲ್ಲಿ ಕೈ ತೊಳೆಯುವಾಗ ಅವನು ತಡೆಯಲಾರದೆ ಕೇಳಿದ. "ತಾತಾ, ಇವತ್ತೇ ನೆಡ್ಬೇಕು ಅಂತ ನಿಮ್ಗೆ ಹೆಂಗೆ ಗೊತ್ತಾಯ್ತು?"

"ನಂಗೆಲ್ಲಿ ಗೊತ್ತಿತ್ತಯ್ಯಾ? ಸಸಿಗೆ ನೀರು ಹಾಕೋಣ ಅಂತ ಹೊರಗಿಟ್ಟೆ. ನೀನು ದೆವ್ವ ಹಿಡಿದೋನಂಗೆ ನೆಡ್ತಿದ್ದೆ. ಒಲಿಂಪಿಯಮ್ಮನ ಅಳಿಯ ಅಲ್ವಾ, ಅವಳೇ ಹೇಳಿರ್ತಾಳೆ ಅಂತ ನಾನೂ ನೆಟ್ಟೆ. ನನ್ನ ನೋಡಿ ಇವರೆಲ್ಲಾ ನೆಟ್ರು."

ಎಜಿಡಿಯೊ ತಾನು ನೆಟ್ಟ ಸಾಲುಗಳತ್ತ ತಿರುಗಿ ನೋಡಿದ. ಅಷ್ಟರಲ್ಲಿ ಅತ್ತೆಯ ಸೈಕಲ್ ಬಂತು.

"ಅಳಿಯಂದ್ರೇ, ಪಾಪ ಅನ್ನಿಸ್ತು. ಇನ್ನೂ ಹತ್ತು ದಿನ ತಡೀರಿ ಅಂತ ಹೇಳೋಕೆ ಬಂದೆ" ಎಂದವಳು ಸುತ್ತ ನೋಡಿ ಬೆರಗಾದಳು. "ಬೆಪಿನೂ ನೆಟ್ಟಾಯ್ತಾ?"

"ನಿಮ್ಮಳಿಯನೇ ಎಲ್ಲರಿಗಿಂತ ಮುಂದು" ಎಂದ ತಾತ.

"ಹಂಗಾದ್ರೆ ನನ್ ಲೆಕ್ಕಾನೇ ತಪ್ಪು. ಬೆಳಗ್ಗೆ ಎದ್ದು ನಾನೂ ನೆಟ್ಬಿಡ್ತೀನಿ." ಅವಳು ಸೈಕಲ್ಲಿನಿಂದ ಇಳಿದು ಹತ್ತಿರ ಬಂದಳು. ಧ್ವನಿಯಲ್ಲಿ ಹಿಂದೆಂದೂ ಇಲ್ಲದ ಗೌರವವಿತ್ತು. "ಅದು ಸರಿ, ಹಿಮ ಯಾವತ್ತು ಬೀಳುತ್ತೆ ಹೇಳಿ."

ಲೊರೆದಾನಾ ಎರಡು ಹೆಜ್ಜೆ ಮುಂದೆ ಬಂದಳು.

"ನವೆಂಬರ್..." ಎಂದು ಎಜಿಡಿಯೊ ಶುರುಮಾಡಿದ.

ಬೆಪಿ ತಾತ ಬರೆದುಕೊಳ್ಳಲು ಜೇಬಿನಿಂದ ಪೆನ್ಸಿಲ್ ತೆಗೆದ.