ಅಳಿಸಿದಷ್ಟೂ ಉಳಿಯುವ ಅಂಚು

ಹೆಮ್ಮೆ ಪಡಲು ಮನುಷ್ಯನಿಗೆ ಏನಾದರೂ ಒಂದು ಬೇಕು. ಕೆಲವರಿಗೆ ಮಕ್ಕಳು, ಕೆಲವರಿಗೆ ಮನೆ. ನನಗೆ ನನ್ನ ಕಂಪ್ಯೂಟರು. ಮೊಳಕಾಲ್ಮೂರಿನ ಮಗ್ಗಗಳಿಗೆ ಸೀರೆಯ ಅಂಚು, ಸೆರಗುಗಳ ಚಿತ್ತಾರವನ್ನು ಅದರಲ್ಲೇ ಬರೆದುಕೊಡುತ್ತೇನೆ. ಒಮ್ಮೆ ಕರೆಂಟು ಹೋಗಿ, ಬರೆಯುತ್ತಿದ್ದ ನವಿಲೊಂದು ಅರ್ಧಕ್ಕೇ ಕಾಣೆಯಾದ ಮೇಲೆ 'ಕಾಪಿ ಆನ್ ರೈಟ್' ಎಂಬ ಏರ್ಪಾಟನ್ನು ನಾನೇ ಹಾಕಿಕೊಂಡೆ. ಅದು ಹಳೆಯದರ ಮೇಲೆ ಎಂದೂ ಬರೆಯುವುದಿಲ್ಲ. ಹೊಸದನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ಜೊತೆಗೆ ದಿನವೂ ಎಲ್ಲದರ ಪಡಿಯಚ್ಚು ಇಟ್ಟುಕೊಳ್ಳುತ್ತದೆ. "ನನ್ನ ಹತ್ರ ಬಂದದ್ದು ಯಾವುದೂ ಹಾಳಾಗಲ್ಲ" ಎಂದು ಟೀ ಅಂಗಡಿಯಲ್ಲಿ ಕೇಳದವರಿಗೂ ಹೇಳಿದ್ದೇನೆ.

ಹೀಗಿರುವಾಗ ನೇಕಾರ ವೆಂಕಟೇಶಪ್ಪನವರು ಮಗಳ ಮದುವೆ ಸೀರೆಗೆ ಅಂಚು ಬರೆಸಲು ಬಂದರು. ಮಗಳಿಗೆ ಕುದಾಪುರದಲ್ಲಿ ಕೆಲಸ. ದಾರಿಯ ಹುಲ್ಲುಗಾವಲಿನಲ್ಲಿ ಅವಳು ಕಂಡ ಕೃಷ್ಣಮೃಗಗಳು ಅಂಚಿನುದ್ದಕ್ಕೂ ನೆಗೆಯಬೇಕಂತೆ. ಊರವರಿಗೆಲ್ಲ ಸೀರೆ ನೇಯ್ದ ಕೈ ಸ್ವಂತ ಮಗಳಿಗೆಂದು ನೇಯುವ ಸೀರೆ. ಷರತ್ತು ಒಂದೇ. "ನೋಡಪ್ಪ, ಈ ಅಂಚು ಇನ್ನೊಬ್ಬರ ಮಗ್ಗಕ್ಕೆ ಏರಬಾರ್ದು. ನನ್ನ ಕೆಲಸ ಮುಗಿದ ಮ್ಯಾಲೆ ಅಳಿಸಿಬಿಡು, ನನ್ನ ಕಣ್ಣೆದುರಿಗೇ."

ಸೀರೆ ನೇಯ್ದು ಮುಗಿದ ಮರುದಿನವೇ ಅಳಿಸುವುದನ್ನು ನೋಡಲು ಬಂದು ಕೂತರು. ಬರೀ ಅಳಿಸಿದರೆ ನನ್ನ ಘನತೆಗೆ ಕಡಿಮೆ. ಚಿತ್ತಾರದ ಮೇಲೆಲ್ಲ ಸೊನ್ನೆಗಳನ್ನು ತುಂಬಿಸಿ, ಆಮೇಲೆ ಅಳಿಸಿ, "ಇನ್ನು ಬ್ರಹ್ಮ ಬಂದ್ರೂ ಸಿಗಲ್ಲ" ಎಂದೆ. ಕಾಫಿ ತಂದ ಹೆಂಡತಿ ಸರೋಜ, "ನಿನ್ನೆ ಪಡಿಯಚ್ಚಲ್ಲಿ ಇರಲ್ವೇನ್ರಿ?" ಎಂದಳು. ತೆರೆದು ನೋಡಿದರೆ ಜಿಂಕೆಗಳು ಕೊಂಬು ಕೊಂಕದಂತೆ ನೆಗೆಯುತ್ತಿದ್ದವು. ನನ್ನ ಸೊನ್ನೆಗಳು ವಿಧೇಯವಾಗಿ ಬೇರೆ ಜಾಗದಲ್ಲಿ ಹೋಗಿ ಕೂತಿದ್ದವು. ವೆಂಕಟೇಶಪ್ಪನವರು "ಅಯ್ಯೋ ದೇವುಡಾ" ಎಂದು ಕುರ್ಚಿಯಲ್ಲಿ ಕುಸಿದರು.

ಪಡಿಯಚ್ಚುಗಳನ್ನೆಲ್ಲ ತೆಗೆದರೂ ಡಿಸ್ಕಿನ ಯಾವ ಮೂಲೆಯಲ್ಲಿ ಏನು ಉಳಿದಿದೆಯೋ ಆಣೆ ಮಾಡಿ ಹೇಳಲಾರೆ. ಕೊಟ್ಟ ಮಾತು ದೊಡ್ಡದು. ಉಳಿದ ಚಿತ್ತಾರಗಳನ್ನು ಹೊಸ ಡಿಸ್ಕಿಗೆ ಸಾಗಿಸಿ, ಹಳೆಯದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚೂರು ಚೂರು ಮಾಡಿದೆ. ವೆಂಕಟೇಶಪ್ಪನವರು ಚೂರುಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು, "ಮಾತು ಉಳಿಸ್ಕಂಡೆ ಕಣಪ್ಪ" ಎಂದು ಕೈ ಹಿಡಿದರು. ಎದೆ ಉಬ್ಬಿತು.

ಮದುವೆ ಚಳ್ಳಕೆರೆಯ ಛತ್ರದಲ್ಲಿ. ಹುಡುಗಿ ಆ ಸೀರೆಯುಟ್ಟು ಬಂದಾಗ ನನಗೆ ಕಣ್ಣು ತುಂಬಿ ಬಂತು. ಲೋಕದಲ್ಲಿ ಇರುವುದೇ ಒಂದು, ಅದು ನಾನು ಬರೆದದ್ದು! ಹತ್ತಿರ ಹೋಗಿ, ಎಳೆ ಎಣಿಸುವಷ್ಟು ಸ್ಪಷ್ಟವಾಗಿ ಅಂಚಿನ ಫೋಟೊ ತೆಗೆದು, 'ನಮ್ಮ ಕೈಚಳಕ' ಎಂದು ಸ್ಟೇಟಸ್ಸಿಗೆ ಹಾಕಿ ಊಟಕ್ಕೆ ಕೂತೆ. ಹೋಳಿಗೆ ಬರುವಷ್ಟರಲ್ಲಿ ಮಗ್ಗದ ಮಾಲೀಕರೊಬ್ಬರ ಸಂದೇಶ ಬಂತು: "ಭಾಳ ಚೆನ್ನಾಗೈತೆ. ಫೋಟೊ ಇಳಿಸ್ಕಂಡೀವಿ, ಸೋಮವಾರ ನಮ್ಮ ಮಗ್ಗಕ್ಕೂ ಏರಿಸ್ತೀವಿ." ತುಪ್ಪದ ಕೈಯಲ್ಲೇ ಸ್ಟೇಟಸ್ ಅಳಿಸಿದೆ. ಎದುರು ಸಾಲಿನಲ್ಲಿ ವೆಂಕಟೇಶಪ್ಪನವರು ಬೀಗರಿಗೆ ನನ್ನನ್ನೇ ತೋರಿಸುತ್ತಾ ಡಿಸ್ಕ್ ಒಡೆದ ಕಥೆ ಹೇಳುತ್ತಿದ್ದರು. ನಾನು ತಲೆ ಎತ್ತಲಾಗದೆ ಕೈ ಮುಗಿದೆ.

"ಎಂಥ ವಿನಯ ರೀ" ಎಂದರು ಬೀಗರು.