ಯಾರೂ ಮಾತಾಡದ ಭೂತಕಾಲ

ಮಿಕ್ಕವರು ಕೈಯನ್ನೋ ತಲೆಯನ್ನೋ ನಂಬಿ ಬದುಕಿದರೆ, ಮೇಷ್ಟರಾದವರು ಗಂಟಲನ್ನು ನಂಬಿ ಬದುಕುವವರು. ತುಮಕೂರಿನ ಹೆದ್ದಾರಿ ಪಕ್ಕದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ನಾನು ಲಾರಿಗಳ ಹಾರನ್ನಿನ ಜೊತೆ ಜಿದ್ದಿಗೆ ಬಿದ್ದು ಪಾಠ ಮಾಡಿ ಮಾಡಿ, ಮನೆಯಲ್ಲಿ ಉಪ್ಪು ಕೇಳುವಾಗಲೂ ಕೊನೆಯ ಬೆಂಚಿಗೆ ಕೇಳಿಸುವಂತೆ ಕೇಳುತ್ತಿದ್ದೆ. ಬಟವಾಡಿಯ ನಮ್ಮ ಬಾಡಿಗೆ ಮನೆಯ ಗೋಡೆಗಳು ತೆಳು. ನಮ್ಮ ಸಾರಿಗೆ ಉಪ್ಪು ಕಡಿಮೆಯಾದದ್ದು ಮೇಲಿನ ಮನೆಯವರಿಗೂ ತಿಳಿಯುತ್ತಿತ್ತು. ಇಂಥ ಗಂಟಲು ನನಗೆ ಕೈಕೊಟ್ಟಿತು. ಆಗ ನನ್ನನ್ನು ಕಾಪಾಡಿದ್ದು ಮೂವರು ಹೆಂಗಸರು ಮತ್ತು ಫ್ರೆಂಚ್ ಭಾಷೆಯ ಒಂದು ಭೂತಕಾಲ. ಹೆಂಗಸರು ಕಾಪಾಡುವುದು ನಮ್ಮಲ್ಲಿ ಸುದ್ದಿಯಲ್ಲ. ವ್ಯಾಕರಣ ಕಾಪಾಡಿದ್ದನ್ನು ಮಾತ್ರ ಯಾರಿಗಾದರೂ ಹೇಳಲೇಬೇಕು.

ತುಮಕೂರಿನ ಮೇಷ್ಟರಿಗೆ ಫ್ರೆಂಚ್ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಶಶಿ ಈಗಲೂ ಕೇಳುತ್ತಾಳೆ. ಆದದ್ದು ಇಷ್ಟೇ. ಗುಬ್ಬಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ಲಲಿತಮ್ಮ ಎಂಬ ಹಿರಿಯರು. ಮಾತಿಗೆ ಮಾತು ಬೆಳೆದು, ನಾನು ಫ್ರಾನ್ಸಿನ ಕ್ರಾಂತಿಯನ್ನು ಎಷ್ಟು ಚೆನ್ನಾಗಿ ಪಾಠ ಮಾಡುತ್ತೇನೆಂದು ವಿವರಿಸುತ್ತಾ 'ವರ್ಸೇಲ್ಸ್ ಅರಮನೆ' ಎಂದೆ. ಅವರ ಕೈಯಲ್ಲಿದ್ದ ಹೋಳಿಗೆ ಬಾಯಿಗೆ ಹೋಗದೆ ನಿಂತಿತು. "ವೆರ್ಸಾಯ್ ಅನ್ನಿ ಮೇಷ್ಟ್ರೇ, ಪುಣ್ಯ ಬರುತ್ತೆ" ಎಂದರು. ಅವರ ತಂದೆ ಪಾಂಡಿಚೇರಿಯಲ್ಲಿ ಕೆಲಸದಲ್ಲಿದ್ದರಂತೆ. ಅಲ್ಲೇ ಓದಿ ಬೆಳೆದು, ಗುಬ್ಬಿಗೆ ಸೊಸೆಯಾಗಿ ಬಂದವರು. ಬರುವಾಗ ಸೀರೆ, ಪಾತ್ರೆಗಳ ಜೊತೆ ಫ್ರೆಂಚನ್ನೂ ತಂದಿದ್ದರು. ಸೀರೆ ಪಾತ್ರೆಗಳು ಬಳಕೆಗೆ ಬಂದವು, ಫ್ರೆಂಚ್ ಅಟ್ಟ ಸೇರಿತ್ತು. ಅಷ್ಟು ವರ್ಷ ಮಕ್ಕಳಿಗೆ ತಪ್ಪು ಅರಮನೆ ತೋರಿಸಿದ ನಾಚಿಕೆಗೆ ನಾನು ಪ್ರತಿ ಭಾನುವಾರ ಗುಬ್ಬಿಗೆ ಹೋಗಿ ಅವರ ಶಿಷ್ಯನಾದೆ. ಅವರು ಅಟ್ಟದಿಂದ ಭಾಷೆಯನ್ನು ಇಳಿಸಿ, ಧೂಳು ಕೊಡವಿ, ಸಂಭಾವನೆ ಎಂದರೆ ಗದರಿಸಿ, ಕಾಫಿ ಕೊಟ್ಟು ಕಲಿಸಿದರು.

ಎಲ್ಲ ಚೆನ್ನಾಗಿಯೇ ನಡೆದು, ಕೊನೆಗೆ 'ಪಾಸೇ ಸೇಂಪ್ಲ್' ಬಂತು. ಸರಳ ಭೂತಕಾಲ ಎಂದು ಅರ್ಥ. ಸರಳ ಎಂಬ ಹೆಸರಿನವರನ್ನು ನಂಬಬಾರದು ಎಂದು ನನಗೆ ಆಗಲೇ ತಿಳಿಯಬೇಕಿತ್ತು. ಪಾರ್ಲೆ, ಪಾರ್ಲಾ, ಪಾರ್ಲಾಮ್, ಪಾರ್ಲಾತ್, ಪಾರ್ಲೇರ್ ಎಂದು 'ಮಾತಾಡು' ಎಂಬ ಒಂದೇ ಕ್ರಿಯಾಪದ ನನ್ನ ನಾಲಿಗೆಯನ್ನು ಗಂಟು ಹಾಕಿತು. ಅಷ್ಟು ಕಲಿತ ಮೇಲೆ ಲಲಿತಮ್ಮ ನಿಧಾನವಾಗಿ, "ಇದನ್ನ ಯಾರೂ ಮಾತಾಡಲ್ಲ ಕಣ್ರೀ. ಕತೆ ಪುಸ್ತಕದಲ್ಲಿ ಮಾತ್ರ ಇರುತ್ತೆ" ಎಂದರು. 'ಮಾತಾಡಿದನು' ಎಂಬುದನ್ನೇ ಮಾತಾಡಬಾರದು ಎಂದರೆ ಯಾವ ನ್ಯಾಯ? "ಮತ್ತೆ ನಾನ್ಯಾಕೆ ಒದ್ದಾಡ್ಲಿ?" ಎಂದೆ. "ನೀವು ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು 'ಬಸ್ಸು ಬಂದಿತು, ಜನರು ಏರಿದರು' ಅಂತೀರಾ? ಆದ್ರೂ ಮಕ್ಕಳಿಗೆ ಹಂಗೇ ತಾನೆ ಬರೆಸೋದು?" ಎಂದರು. ನಾನು ಕಲಿಯಲು ಒಪ್ಪಿದೆ. ಆದರೆ ಬಾಯಿ ಮುಚ್ಚಿ ಕಲಿಯುವ ಜಾಯಮಾನ ನನ್ನದಲ್ಲ. ಮನೆಗೆ ಬಂದು, ಯಾರೂ ಮಾತಾಡದ ಆ ಭೂತಕಾಲವನ್ನು ಬಟವಾಡಿಗೆಲ್ಲ ಕೇಳಿಸುವಂತೆ ಉರು ಹೊಡೆಯತೊಡಗಿದೆ.

ಆಗ ನಮ್ಮತ್ತೆ ಮನೆಯಲ್ಲಿದ್ದರು. ಮಾರ್ಕೋನಹಳ್ಳಿಯವರು, ನಾಲೆಯ ನೀರಿನ ಸರದಿಗಾಗಿ ಗದ್ದೆಯ ಈ ತುದಿಯಿಂದ ಆ ತುದಿಗೆ ಕೂಗಿ ಪಳಗಿದ ಕಂಠ. ನನ್ನ ದನಿಯನ್ನು ಮೆಚ್ಚುತ್ತಿದ್ದ ಏಕೈಕ ವ್ಯಕ್ತಿ. ಒಂದು ಬೆಳಿಗ್ಗೆ ನಾನು 'ಬರು' ಧಾತುವಿನೊಡನೆ ಸೆಣಸುತ್ತಿದ್ದೆ. 'ನೀವು ಬಂದಿರಿ' ಎನ್ನಲು ಆ ಕಾಲದಲ್ಲಿ 'ವು ವ್ಯಾಂತ್' ಎನ್ನಬೇಕು, ಅದೂ ಮೂಗಿನಿಂದ. "ವ್ಯಾಂತ್! ವ್ಯಾಂತ್!" ಎಂದು ಕಣ್ಣು ಮುಚ್ಚಿ ಸಾಧಿಸುತ್ತಿದ್ದವನಿಗೆ ಅತ್ತೆಯ ಕೂಗು ಕೇಳಿಸಿತು. "ಶಶೀ, ಬಿರ್ನೆ ಬಾರೇ! ಅಳಿಯಂದ್ರಿಗೆ ವಾಂತಿ ಬತ್ತದಂತೆ ಕಣೇ!" ಕಣ್ಣು ಬಿಟ್ಟರೆ ಗಲ್ಲದ ಕೆಳಗೆ ಬಕೆಟ್ಟು. ಅತ್ತೆ ಬೆನ್ನು ನೀವುತ್ತಿದ್ದರು. ಅದು ಫ್ರೆಂಚಿನಲ್ಲಿ 'ಬಂದಿರಿ' ಎನ್ನುವ ಮಾತೆಂದು ಶಶಿ ವಿವರಿಸಿದ ಮೇಲೆ, "ಬಂದೌರ್ನ ಯಾರಾದ್ರೂ ಹಿಂಗೆ ಮಾತಾಡುಸ್ತಾರಾ? ಬುಡು, ವಾಪಸ್ ಹೋಯ್ತಾರೆ" ಎಂದು ಬಕೆಟ್ಟು ತೆಗೆದುಕೊಂಡು ಹೋದರು.

ಆ ವಾರವೇ ದನಿ ಒಡೆಯಿತು. ಮೊದಲು ಗೊಗ್ಗರು, ಆಮೇಲೆ ಗಾಳಿ. ಕಷಾಯ, ಶುಂಠಿ, ಉಪ್ಪುನೀರು ಎಲ್ಲ ಮುಗಿದ ಮೇಲೆ ಗಂಟಲಿನ ಡಾಕ್ಟರರ ಹತ್ತಿರ ಹೋದೆವು. ಅವರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಧ್ವನಿತಂತುವಿನ ಮೇಲೆ ಒಂದು ಗಂಟಿದೆ, ತೆಗೆಯಬೇಕು, ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. 'ಪರೀಕ್ಷೆ' ಎಂಬ ಪದವನ್ನು ಮಕ್ಕಳ ಮೇಲೆ ಬೇಕಾದಷ್ಟು ಸಲ ಪ್ರಯೋಗಿಸಿದ್ದೇನೆ. ಅದನ್ನು ಕೇಳಿಸಿಕೊಳ್ಳುವ ಕಡೆ ಕೂತದ್ದು ಅಂದೇ ಮೊದಲು. ಶಶಿ ನನ್ನ ಕೈ ಹಿಡಿದುಕೊಂಡಳು. ಡಾಕ್ಟರು, "ಆಪರೇಷನ್ ಆದ್ಮೇಲೆ ನಾನು ಹೇಳೋವರೆಗೂ ಒಂದಕ್ಷರ ಮಾತಾಡಂಗಿಲ್ಲ. ಪಿಸುಮಾತೂ ಬೇಡ" ಎಂದಾಗ, "ಡಾಕ್ಟ್ರೇ, ಅದಕ್ಕೇನಾದ್ರೂ ಇಂಜೆಕ್ಷನ್ ಇದ್ಯಾ?" ಎಂದು ಕೇಳಿದಳು.

ಆಪರೇಷನ್ ಆಯಿತು. ಮೌನ ಶುರುವಾಯಿತು. ಕೈಯಲ್ಲೊಂದು ಸ್ಲೇಟು. ನಾನಿಲ್ಲದೆಯೂ ಮನೆಯ ಮಾತು ಸಲೀಸಾಗಿ ನಡೆಯುವುದನ್ನು ಕಂಡು ಆಶ್ಚರ್ಯವಾಯಿತು. ನಾನು ಸ್ಲೇಟಿನಲ್ಲಿ ಒಂದು ಅಭಿಪ್ರಾಯ ಬರೆದು ಮುಗಿಸುವಷ್ಟರಲ್ಲಿ ವಿಷಯವೇ ಬದಲಾಗಿರುತ್ತಿತ್ತು. ಓದಲು ಬಾರದ ಅತ್ತೆ ಸ್ಲೇಟನ್ನು ನೋಡಿ, "ಹೂಂ, ನೀವೇಳೋದೂ ನಿಜವೇ" ಎಂದು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಶಶಿ ತನ್ನ ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ ಗಂಜಿ ಕಾಯಿಸಿದಳು. ಯಾರೂ ರಿಪೋರ್ಟಿನ ಮಾತೆತ್ತಲಿಲ್ಲ. ಹಗಲು ಹೇಗೋ ಸರಿಯುತ್ತಿತ್ತು, ಆದರೆ ಸುಮ್ಮನಿರುವ ಬಾಯಿಯ ಹಿಂದೆ ತಲೆ ಗಿರಣಿಯಂತೆ ಓಡುತ್ತಿತ್ತು.

ಅದನ್ನು ಶಶಿ ಕಂಡುಕೊಂಡು ಗುಬ್ಬಿಗೆ ಹೇಳಿಕಳಿಸಿರಬೇಕು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಲಲಿತಮ್ಮ. ಮಂಡಿನೋವಿನ ಹೆಂಗಸು, ಗುಬ್ಬಿಯಿಂದ ರೈಲಿನಲ್ಲಿ ಬಂದು ಆಟೋ ಹಿಡಿದು ಬಂದಿದ್ದರು. "ಮಾತಾಡಬಾರದ ಮನುಷ್ಯನಿಗೆ ಯಾರೂ ಮಾತಾಡದೇ ಇರೋ ಕಾಲಕ್ಕಿಂತ ಒಳ್ಳೇದು ಇನ್ಯಾವುದಿದೆ? ಸ್ಲೇಟು ತಗೊಳ್ಳಿ" ಎಂದರು. ಅಂದಿನಿಂದ ದಿನವೂ ಬಂದರು. ಅವರು ಹೇಳುವುದು, ನಾನು ಬರೆಯುವುದು. ನಾವು ಹೋದೆವು, ಅವರು ತಿಂದರು, ಅವಳು ನಕ್ಕಳು. ಒಂದೊಂದು ಕ್ರಿಯಾಪದವೂ ರಿಪೋರ್ಟಿನ ಯೋಚನೆಯನ್ನು ಅಷ್ಟಷ್ಟು ದೂರ ತಳ್ಳುತ್ತಿತ್ತು. ಬಾಯಿ ಬಿಡದೆ ಕಲಿತದ್ದರಿಂದಲೋ ಏನೋ, ಜೀವಮಾನದಲ್ಲಿ ಮೊದಲ ಸಲ ಏನನ್ನಾದರೂ ಸರಿಯಾಗಿ ಕಲಿತೆ.

ರಿಪೋರ್ಟು ಬರುವ ದಿನ ಶಶಿ, "ನೀವು ಬರೋದು ಬೇಡ, ಅಲ್ಲಿ ಬಂದ್ರೆ ಮಾತಾಡಿಬಿಡ್ತೀರಾ" ಎಂದು ಒಬ್ಬಳೇ ಆಸ್ಪತ್ರೆಗೆ ಹೋದಳು. ಲಲಿತಮ್ಮ ಸ್ಲೇಟಿನ ಮೇಲೆ ಎರಡೇ ಪದ ಬರೆದುಕೊಟ್ಟರು. ಓದಿದರೆ 'ಇಲ್ ವೀ'. 'ಕಾಣು' ಧಾತುವಿನ ಸರಳ ಭೂತಕಾಲ. ನಾನು ಕೆಳಗೆ 'ಅವನು ಕಂಡನು' ಎಂದು ಬರೆದೆ.

"ಸರಿ. ಇನ್ನೊಂದು ಅರ್ಥ ಇದೆ, ಯೋಚನೆ ಮಾಡಿ" ಎಂದರು.

ನನ್ನ ತಲೆ ಆಸ್ಪತ್ರೆಯಲ್ಲಿತ್ತು. ಗೊತ್ತಿಲ್ಲವೆಂದು ತಲೆಯಾಡಿಸಿದೆ.

"ಬದುಕು ಅನ್ನೋ ಧಾತುವಿನ ವರ್ತಮಾನ ಕಾಲಕ್ಕೂ ಇದೇ ರೂಪ. ಅವನು ಬದುಕಿದ್ದಾನೆ. ಒಂದಕ್ಷರ ವ್ಯತ್ಯಾಸ ಇಲ್ಲ."

'ಯಾವ ಅರ್ಥ ಅಂತ ತಿಳಿಯೋದು ಹೇಗೆ?' ಎಂದು ಬರೆದೆ.

ಲಲಿತಮ್ಮ ಬಳಪ ಕೆಳಗಿಟ್ಟರು. "ಮುಂದಿನ ವಾಕ್ಯ ಬರೋವರೆಗೂ ಕಾಯ್ಬೇಕು ಮೇಷ್ಟ್ರೇ. ಬೇರೆ ದಾರಿ ಇಲ್ಲ" ಎಂದರು.

ಕಾದೆವು. ಅತ್ತೆ ಅವರೆಕಾಯಿ ಬಿಡಿಸುತ್ತಾ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರು. ಕಾಳು ಕಸಕ್ಕೂ ಸಿಪ್ಪೆ ಪಾತ್ರೆಗೂ ಬೀಳುತ್ತಿತ್ತು, ಯಾರೂ ಹೇಳಲಿಲ್ಲ. ಕೊನೆಗೆ ಆಟೋ ನಿಂತ ಸದ್ದಾಯಿತು. ಶಶಿ ಬಾಗಿಲಲ್ಲಿ ನಿಂತಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾನು ಸ್ಲೇಟು ಹಿಡಿದೇ ಎದ್ದು ನಿಂತೆ.

"ಏನೂ ಇಲ್ವಂತೆ ರೀ! ಬರೀ ಗಂಟಂತೆ. ಕಿರುಚೋರಿಗೆ ಬರೋ ಗಂಟು. ಜಾಸ್ತಿ ಬರೋದು ಮೇಷ್ಟ್ರುಗಳಿಗೇ ಅಂತೆ!" ಎಂದು ಅಳುತ್ತಲೇ ನಕ್ಕಳು.

"ಇಲ್ ವೀ" ಎಂದರು ಲಲಿತಮ್ಮ, ಮೆಲ್ಲಗೆ.

"ಏನಂದ್ರವ್ವ?" ಎಂದು ಅತ್ತೆ ಕೇಳಿದರು.

"ಬದುಕವ್ನೆ ಅಂದೆ ಕಣಮ್ಮ" ಎಂದು, ಪಾಂಡಿಚೇರಿಯನ್ನು ಬಿಟ್ಟು ಪೂರಾ ಗುಬ್ಬಿಯವರಾಗಿ ಹೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅತ್ತೆ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡು, "ಇವತ್ತು ಉಂಡ್ಕೊಂಡೇ ಹೋಗ್ಬೇಕು" ಎಂದು ಅಪ್ಪಣೆ ಮಾಡಿದರು. ಅಂದಿನ ಅವರೆಕಾಳು ಸಾರಿನಲ್ಲಿ ನಾಲ್ಕಾರು ಸಿಪ್ಪೆಗಳಿದ್ದವು. ಅಷ್ಟು ರುಚಿಯಾದ ಸಾರನ್ನು ನಾನು ಆಮೇಲೆ ಉಂಡಿಲ್ಲ.

ಮಾತಾಡಲು ಡಾಕ್ಟರರ ಅಪ್ಪಣೆ ಸಿಗುವ ಹೊತ್ತಿಗೆ ಅತ್ತೆ ಊರಿಗೆ ಹೋಗಿದ್ದರು. ಮೊದಲ ಮಾತು ಶಶಿಗೇ ಎಂದು ನಿಶ್ಚಯಿಸಿದ್ದೆ. ಮದುವೆಯಾದಾಗಿನಿಂದ ಅವಳಿಗೊಂದು ಧನ್ಯವಾದ ಹೇಳಿದವನಲ್ಲ ನಾನು. ಹಾಗೆ ನೋಡಿದರೆ ನಮ್ಮ ಕಡೆ ಯಾವ ಗಂಡನೂ ಹೇಳಿದ್ದು ಕೇಳಿಲ್ಲ. ಆ ಪದ ಲಗ್ನಪತ್ರಿಕೆಯಲ್ಲೂ ವಾರ್ಷಿಕೋತ್ಸವದ ಭಾಷಣದಲ್ಲೂ ಮಾತ್ರ ಜೀವ ಹಿಡಿದುಕೊಂಡಿದೆ. ಸಂಜೆ ಅವಳು ಬಟ್ಟೆ ಮಡಿಸುತ್ತಿದ್ದಾಗ ಎದುರಿಗೆ ಹೋಗಿ ನಿಂತೆ. ಗಂಟಲು ಸರಿಮಾಡಿಕೊಂಡೆ. "ಶಶಿ, ನಿನಗೆ ನಾನು ಚಿರಋಣಿಯಾಗಿದ್ದೇನೆ" ಎಂದೆ. ದನಿ ಕೀಚಲಾಗಿದ್ದರೂ ಉಚ್ಚಾರ ಸ್ಪಷ್ಟವಾಗಿತ್ತೆಂದು ಈಗಲೂ ನನ್ನ ನಂಬಿಕೆ.

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಹಣೆ ಮುಟ್ಟಿ ಜ್ವರವಿಲ್ಲವೆಂದು ಖಚಿತ ಮಾಡಿಕೊಂಡಳು. ಆಮೇಲೆ ಮಡಿಸುವ ಬಟ್ಟೆ ಬಿಟ್ಟು ಅಡುಗೆಮನೆಗೆ ಹೋಗಿ ಮಾರ್ಕೋನಹಳ್ಳಿಗೆ ಫೋನ್ ಮಾಡಿದ್ದು ಕೇಳಿಸಿತು.

"ಅಮ್ಮಾ, ಮಾತು ಬಂತು ಕಣಮ್ಮ... ಹೂಂ, ಈಗ್ಲೇ... ಏನಂದ್ರು ಅಂತ ಗೊತ್ತಾಗ್ಲಿಲ್ಲ. ಫ್ರೆಂಚಲ್ಲಿ ಏನೋ ಅಂದ್ರು ಅನ್ಸುತ್ತೆ."