ನಟ್ಟು ಕುಳಿತುಕೊಳ್ಳುವ ಹತ್ತು ನಿಮಿಷ

ಧನ್ಯವಾದ ಹೇಳುವ ವಿಷಯದಲ್ಲಿ ನಾನು ಬಹಳ ಧಾರಾಳಿ. ಲಿಫ್ಟಿನ ಬಾಗಿಲು ಹಿಡಿದು ನಿಂತವರಿಗೆ ಹೇಳುತ್ತೇನೆ, ನನ್ನ ಊಟದ ಡಬ್ಬಿಯನ್ನು ಅನುಮಾನದಿಂದ ಅಲ್ಲಾಡಿಸಿ ನೋಡಿ ಒಳಗೆ ಬಿಡುವ ಸೆಕ್ಯೂರಿಟಿಯವರಿಗೆ ಹೇಳುತ್ತೇನೆ, ರಾಂಗ್ ನಂಬರ್ ಎಂದು ಫೋನ್ ಇಡುವವರಿಗೂ ಹೇಳಿದ್ದುಂಟು. ಆಫೀಸಿನ ಇಮೇಲುಗಳಲ್ಲಂತೂ ಕೆಲಸ ಆಗುವ ಮೊದಲೇ ಮುಂಗಡವಾಗಿ ಧನ್ಯವಾದ ಹೇಳಿಬಿಡುವುದು ನಮ್ಮ ರೂಢಿ. ಹೇಳಿಯಾಯಿತಲ್ಲ ಎಂದು ಆ ಕಡೆಯವರು ಕೆಲಸ ಮಾಡದೇ ಸುಮ್ಮನಿರುವುದು ಅವರ ರೂಢಿ. ಹೀಗೆ ಕಂಡಕಂಡವರಿಗೆಲ್ಲ ಹಂಚುವ ನಾನು, ನಿಜವಾಗಿ ಹೇಳಲೇಬೇಕಾಗಿದ್ದ ಒಬ್ಬರಿಗೆ ಹೇಳದೇ ಉಳಿದೆ. ಅವರು ಹೋಗಿ ಈಗ ಐದು ತಿಂಗಳು. ಬದುಕಿದ್ದಾಗ ಹೇಳದೇ ಉಳಿದದ್ದು ಒಂದು ತಪ್ಪಾದರೆ, ಆಮೇಲೆ ಅವರ ಫೋಟೋದ ಮುಂದೆ ನಿಂತು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪಾಯಿತು. ಅದನ್ನೇ ಇಲ್ಲಿ ಒಪ್ಪಿಕೊಳ್ಳಲು ಹೊರಟಿದ್ದೇನೆ.

ನನ್ನ ಕಸುಬು ಕೈಪಿಡಿ ಬರೆಯುವುದು. ನಗರದಂಚಿನ ಹೂಡಿಯ ಹತ್ತಿರದ ಒಂದು ಕಂಪನಿಯಲ್ಲಿ ಕುಳಿತು, ನೀರಿನ ಪಂಪಿಗೆ ಜೋಡಿಸುವ ಒಂದು ಪೆಟ್ಟಿಗೆಯನ್ನು ಹೇಗೆ ಗೋಡೆಗೆ ಕೂರಿಸಬೇಕು, ಯಾವ ಸ್ಕ್ರೂ ಮೊದಲು, ಯಾವುದು ಆಮೇಲೆ ಎಂದು ಜಗತ್ತಿಗೆ ತಿಳಿಸುತ್ತೇನೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಜನ ಮೊದಲು ಎಸೆಯುವ ಪುಸ್ತಕ ಯಾವುದೋ ಅದು ನನ್ನ ಕೃತಿ. ಇಷ್ಟು ವರ್ಷ ಬರೆದರೂ ನಾನು ಸ್ವತಃ ಒಂದು ಸ್ಕ್ರೂ ತಿರುಗಿಸಿದವನಲ್ಲ. ಮನೆಯಲ್ಲಿ ಬಲ್ಬ್ ಬದಲಾಯಿಸುವುದು ನನ್ನ ಹೆಂಡತಿ. ನಾನು ಸ್ಟೂಲು ಹಿಡಿದುಕೊಳ್ಳುತ್ತೇನೆ. "ನೀವು ಸ್ವಲ್ಪ ದೂರ ನಿಂತ್ಕೊಳ್ಳಿ, ನೀವು ಹಿಡ್ಕೊಂಡ್ರೆ ಜಾಸ್ತಿ ಅಲ್ಲಾಡತ್ತೆ" ಎಂದು ಅವಳು ಮೇಲಿನಿಂದ ಹೇಳುತ್ತಾಳೆ.

ಇಂಥವನು ಡಾಕ್ಟರ ಮಾತು ಕೇಳಿ ಸೈಕಲ್ ಕೊಂಡೆ. ಒಂದು ವರ್ಷದಲ್ಲಿ ಅದರ ಎಡ ಪೆಡಲು ಕಟಕಟ ಅನ್ನತೊಡಗಿತು. ಹೊಸ ಪೆಡಲು ತಂದು, ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಕುಳಿತು ಹಳೆಯದನ್ನು ಬಿಚ್ಚಲು ಸ್ಪ್ಯಾನರ್ ಹಾಕಿದೆ. ಅದು ಜಗ್ಗಲಿಲ್ಲ. ಎರಡೂ ಕೈ ಹಾಕಿದೆ, ಕಾಲು ಕೊಟ್ಟು ಎಳೆದೆ, ಸ್ಪ್ಯಾನರ್ ಜಾರಿ ಬೆರಳಿನ ಗಂಟಿನ ಸಿಪ್ಪೆ ಎದ್ದಿತು. ಮುಕ್ಕಾಲು ಗಂಟೆ ಈ ವಿನೋದವನ್ನು ನೋಡಿದ ನಮ್ಮ ಗೇಟಿನ ಕಾವಲುಗಾರ, "ಸಾರ್, ಹಳೇ ಊರೊಳಗೆ ಮುನಿವೆಂಕಟಪ್ಪ ಮೇಷ್ಟ್ರು ಅಂತ ಅವ್ರೆ. ಭಾನುವಾರ ಸೈಕಲ್ ರಿಪೇರಿ ಕಲಿಸ್ತಾರೆ. ಅಲ್ಗೋಗಿ" ಎಂದ.

ಹೋದೆ. ನಾಲ್ಕು ಮಹಡಿಯ ಎರಡು ಬಾಡಿಗೆ ಕಟ್ಟಡಗಳ ನಡುವೆ ಹೆಂಚಿನ ಒಂದು ದನದ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡು ಒಂದು ಪುಟ್ಟ ಮನೆ. ದನಗಳು ಹೋಗಿ ಎಷ್ಟೋ ಕಾಲವಾಗಿತ್ತು. ಮೇವು ಹಾಕುವ ಗೋದಲಿಯಲ್ಲಿ ಈಗ ಐದಾರು ಸೈಕಲ್ಲುಗಳು ಮುಂದಿನ ಚಕ್ರ ಇಟ್ಟು ನಿಂತಿದ್ದವು. ಕಂದು ಸ್ವೆಟರಿನ, ಬಿಳಿ ಮೀಸೆಯ ಒಬ್ಬ ಹಿರಿಯರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಸೈಕಲ್ಲಿಗೆ ಒಂದು ಸುತ್ತು ಬಂದರು. "ಯಾವ ಕಡೀಕ್ ತಿರುವಿದ್ರಿ?" ಎಂದು ಕೇಳಿದರು. ತೋರಿಸಿದೆ. "ಎಡಗಡೆ ಪೆಡಲ್ಲಿನ ಮರೆ, ಅಂದ್ರೆ ತಿರುಪು, ಉಲ್ಟಾ ಇರ್ತದೆ ಸಾರ್. ತುಳಿಯೋವಾಗ ಬಿಚ್ಕೋಬಾರ್ದು ಅಂತ ಅಂಗೆ ಮಾಡಿರ್ತಾರೆ. ನೀವು ಬಿಚ್ತಾ ಇರ್ಲಿಲ್ಲ, ಬಿಗೀತಾ ಇದ್ರಿ" ಎಂದರು. ನಗಲಿಲ್ಲ. ನಕ್ಕಿದ್ದರೆ ನಾನು ಮತ್ತೆ ಹೋಗುತ್ತಿರಲಿಲ್ಲವೇನೋ. ಅವರು ನಗದೇ ಇದ್ದದ್ದಕ್ಕೆ ಮೂರು ವರ್ಷ ಪ್ರತಿ ಭಾನುವಾರ ಏಳು ಗಂಟೆಗೆ ಆ ಕೊಟ್ಟಿಗೆಯಲ್ಲಿ ಹಾಜರಿದ್ದೆ.

ಮುನಿವೆಂಕಟಪ್ಪನವರು ಹೂಡಿಯ ಮೂಲ ರೈತರ ಮನೆಯವರು. ತಮ್ಮಂದಿರು ಹೊಲದ ಮೇಲೆ ಕಟ್ಟಡ ಎಬ್ಬಿಸಿದರೆ, ಇವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಕಬ್ಬಿಣ ಉಜ್ಜುತ್ತಾ ಮುದುಕರಾದರು. ನಿವೃತ್ತಿಯ ನಂತರ ತಮ್ಮ ಪಾಲಿಗೆ ಬಂದ ಕೊಟ್ಟಿಗೆಯನ್ನು ಕೆಡವಲು ಒಪ್ಪದೆ, ಅದರೊಳಗೆ ನಮ್ಮಂಥವರನ್ನು ಕಟ್ಟಿಹಾಕಿಕೊಂಡರು. ಬಂದು ಹೋಗುವವರ ನಡುವೆ ಕಾಯಂ ಆಗಿ ಬರುತ್ತಿದ್ದವರು ಮೂವರು: ನಾನು, ಹಲ್ಲಿನ ಡಾಕ್ಟರಾದ ಸುಷ್ಮಾ ಮೇಡಂ, ಮತ್ತು ಯಾದಗಿರಿ ಕಡೆಯ ಬಸವರಾಜ. ಬಸವರಾಜ ಕಟ್ಟಡಗಳಲ್ಲಿ ಕಬ್ಬಿಣ ಕಟ್ಟುವವನು, ಪಕ್ಕದ ಬಾಡಿಗೆ ರೂಮಿನವನು. ನನಗೂ ಮೇಡಮ್ಮಿಗೂ ಸೈಕಲ್ ಒಂದು ಶೋಕಿ. ಅವನಿಗೆ ಅದು ಕೆಲಸಕ್ಕೆ ಹೋಗುವ ದಾರಿ. ಈ ವ್ಯತ್ಯಾಸ ನನಗೆ ಆಗ ಅಷ್ಟಾಗಿ ಹೊಳೆದಿರಲಿಲ್ಲ.

ಮೇಷ್ಟ್ರ ಪದ್ಧತಿಯಲ್ಲಿ ಎರಡು ವಿಶೇಷಗಳು. ಮೊದಲನೆಯದು, ಅವರು ಶಿಷ್ಯರ ಸೈಕಲ್ಲನ್ನು ಮುಟ್ಟುತ್ತಲೇ ಇರಲಿಲ್ಲ. ಕೈಗಳು ಯಾವಾಗಲೂ ಬೆನ್ನ ಹಿಂದೆ. ಏನು ತೋರಿಸುವುದಿದ್ದರೂ ಗದ್ದದಿಂದಲೇ. "ಅದಲ್ಲ, ಅದರ ಪಕ್ಕದ್ದು" ಎಂದರೆ ಗದ್ದ ಒಂದು ಇಂಚು ಎಡಕ್ಕೆ ಹೋಗುತ್ತಿತ್ತು. ನಾನು ಒಂದು ಚೈನು ಹಾಕಲು ಅರ್ಧ ಗಂಟೆ ತಿಣುಕಾಡಿ, ಮೂಗಿಗೆಲ್ಲ ಕರೀ ಗ್ರೀಸು ಬಳಿದುಕೊಂಡು, "ಮೇಷ್ಟ್ರೇ, ಒಂದು ಸಲ ನೀವೇ ಹಾಕಿ ತೋರಿಸ್ಬಿಡಿ" ಎಂದು ಗೋಗರೆದರೂ, "ನಾನ್ ಆಕಿದ್ರೆ ನಂಗೆ ಬರ್ತದೆ ಅಂತ ಗೊತ್ತಾಯ್ತದೆ. ಅದು ನಂಗೆ ಆಗ್ಲೇ ಗೊತ್ತಲ್ಲ" ಅನ್ನುತ್ತಿದ್ದರು. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಆಫೀಸಿನ ಒಂದು ತರಬೇತಿಯಲ್ಲಿ ಇದರ ಬಗ್ಗೆ ಇಪ್ಪತ್ತು ಸ್ಲೈಡಿನ ಭಾಷಣ ಮಾಡಿದೆ. ಹಿಂದೆ ಕಟ್ಟಿದ ಎರಡು ಕೈಗಳ ಚಿತ್ರವೂ ಅದರಲ್ಲಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡನೆಯದು ಟೀ. ಎಂಟು ಗಂಟೆಗೆ ಸರಿಯಾಗಿ ಎಲ್ಲರ ಕೆಲಸ ನಿಲ್ಲಬೇಕು. "ನಟ್ಟು ಬಿಗಿ ಮಾಡಿದ್ಮೇಲೆ ಹತ್ ನಿಮ್ಷ ಸುಮ್ಕೆ ಬಿಡ್ಬೇಕು. ಅದು ಕುಂತ್ಕೋಬೇಕು. ಎಲ್ರೂ ಓಗಿ ಟೀ ಕುಡ್ಕೊಂಬನ್ನಿ." ನಾವು ರಸ್ತೆಯ ತುದಿಯ ಅಂಗಡಿಗೆ ಹೋಗುತ್ತಿದ್ದೆವು. ಕರೆದರೆ ಮೇಷ್ಟ್ರು ಬರುತ್ತಿರಲಿಲ್ಲ. ತಮಗೆ ಟೀ ಆಗಿಬರುವುದಿಲ್ಲ ಎನ್ನುತ್ತಿದ್ದರು. ಹಿಂದಿರುಗಿ ನೋಡಿದರೆ ನಿಜಕ್ಕೂ ನಟ್ಟುಗಳು ಕುಳಿತಿರುತ್ತಿದ್ದವು. ಹೋಗುವಾಗ ಸ್ವಲ್ಪ ಅನುಮಾನ ಹುಟ್ಟಿಸಿದ್ದ ಬ್ರೇಕು ಬರುವಾಗ ಗಟ್ಟಿಯಾಗಿರುತ್ತಿತ್ತು. ಕಬ್ಬಿಣಕ್ಕೂ ಒಂದು ಸ್ವಭಾವ ಇದೆ, ಅದಕ್ಕೂ ಪುರುಸೊತ್ತು ಕೊಡಬೇಕು ಎಂದು ನಾನು ಸುಷ್ಮಾ ಮೇಡಮ್ಮಿಗೆ ವಿವರಿಸಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಮ್ಮ ಕಂಪನಿಯ ಕೈಪಿಡಿಯ ಹೊಸ ಆವೃತ್ತಿಯಲ್ಲಿ, "ನಟ್ಟುಗಳನ್ನು ಬಿಗಿಗೊಳಿಸಿದ ನಂತರ ಹತ್ತು ನಿಮಿಷ ಹಾಗೆಯೇ ಬಿಡಿ" ಎಂದು ಒಂದು ಸಾಲು ಸೇರಿಸಿಬಿಟ್ಟೆ. ಎಂಜಿನಿಯರುಗಳು ನೋಡಿ ಒಪ್ಪಿಗೆ ಕೊಟ್ಟರು. ಅದು ಏಳು ಭಾಷೆಗೆ ಅನುವಾದವಾಯಿತು. ಈ ಹೊತ್ತಿಗೂ ಯಾವುದೋ ದೂರದೇಶದಲ್ಲಿ ಒಬ್ಬ ಪುಣ್ಯಾತ್ಮ ಪಂಪಿನ ಪೆಟ್ಟಿಗೆಯ ಮುಂದೆ ಗಡಿಯಾರ ನೋಡುತ್ತಾ ಕುಳಿತಿರಬಹುದು.

ಮೇಷ್ಟ್ರು ಒಂದು ಗುರುವಾರ ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತಿದ್ದ ಹಾಗೇ ಹೋದರು. ಹಿಂದಿನ ಭಾನುವಾರ ನಾನು ಮೊದಲ ಬಾರಿ ಒಂದು ಚಕ್ರದ ಓರೆಯನ್ನು ಕಡ್ಡಿ ಕಡ್ಡಿಯಾಗಿ ಎಳೆದು ತಿದ್ದಿದ್ದೆ. ಮೇಷ್ಟ್ರು ಚಕ್ರವನ್ನು ತಿರುಗಿಸಲು ಹೇಳಿ, ಬಹಳ ಹೊತ್ತು ನೋಡಿ, "ಆಯ್ತು" ಎಂದಿದ್ದರು. ಅಂದು ಹೇಳಬೇಕಿತ್ತು. ಬೀದಿ ತಿರುವಿನವರೆಗೂ ಹೋದವನು ಹೇಳೋಣವೆಂದು ಸೈಕಲ್ ನಿಲ್ಲಿಸಿಯೂ ಇದ್ದೆ; ಮುಂದಿನ ವಾರ ಹೇಳಿದರಾಯಿತು ಎಂದು ಮತ್ತೆ ತುಳಿದೆ.

ಹದಿಮೂರನೆಯ ದಿನ ಮನೆಯವರು, ಫೋಟೋದ ಮುಂದೆ ಎರಡು ಮಾತಾಡಿ ಎಂದರು. ಹದಿನೈದು ನಿಮಿಷ ಮಾತಾಡಿದೆ. ಬೆನ್ನ ಹಿಂದೆ ಕಟ್ಟಿದ ಆ ಕೈಗಳೇ ನನಗೆ ಪಾಠ, ತನಗೆ ಬರುತ್ತದೆಂದು ತೋರಿಸಿಕೊಳ್ಳದ ಸಂಯಮವೇ ನಿಜವಾದ ಗುರುವಿನ ಲಕ್ಷಣ ಎಂದೆಲ್ಲ ಹೇಳಿದೆ. ಮೇಷ್ಟ್ರ ಹೆಂಡತಿ ನಾರಾಯಣಮ್ಮ ಗೋಡೆಗೆ ಒರಗಿ ಕೇಳಿಸಿಕೊಂಡರು. ಮರುದಿನ ಬೊಮ್ಮನಹಳ್ಳಿಯ ಮಗಳ ಮನೆಗೆ ಹೊರಡುವಾಗ ಕೊಟ್ಟಿಗೆಯ ಬೀಗದ ಕೈಯನ್ನು ನನ್ನ ಕೈಗಿಟ್ಟು, "ನಿಲ್ಲಿಸ್ಬ್ಯಾಡಿ" ಎಂದಷ್ಟೇ ಹೇಳಿದರು.

ನಿಲ್ಲಿಸಲಿಲ್ಲ. ಹಿರಿಯ ವಿದ್ಯಾರ್ಥಿ ಎಂಬ ಹೆಸರಿನಲ್ಲಿ ನಾನೇ ಮೇಷ್ಟ್ರಾದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದೆ. ಗದ್ದದಿಂದ ತೋರಿಸಿದೆ. ಎಂಟು ಗಂಟೆಗೆ ನಟ್ಟುಗಳನ್ನು ಕೂರಲು ಬಿಟ್ಟು ಎಲ್ಲರನ್ನೂ ಕರೆದುಕೊಂಡು ಟೀಗೆ ಹೋದೆ. ಆದರೆ ನಟ್ಟುಗಳು ಮೊದಲಿನಂತೆ ಕುಳಿತುಕೊಳ್ಳಲಿಲ್ಲ. ನನ್ನ ಸೀಟು ಮೆಲ್ಲಗೆ ಇಳಿಯತೊಡಗಿತು. ಸುಷ್ಮಾ ಮೇಡಮ್ಮಿನ ಹ್ಯಾಂಡಲ್ಲು ಒಂದು ಕಡೆ, ಚಕ್ರ ಒಂದು ಕಡೆ ನೋಡತೊಡಗಿದವು. ಟೀಗೆ ಇನ್ನೂ ಐದು ನಿಮಿಷ ಸೇರಿಸಿದೆ.

ಎರಡನೇ ತಿಂಗಳಲ್ಲಿ ಬಸವರಾಜ ತನ್ನ ಸೈಕಲ್ಲಿಗೆ ಹೊಸ ಬ್ರೇಕ್ ಕೇಬಲ್ ಹಾಕಿದ. ಪಕ್ಕದಲ್ಲಿ ನಿಂತಿದ್ದವನು ನಾನು. "ಸಾಕೇನ್ರೀ ಸಾರ?" ಎಂದು ಕೇಳಿದಾಗ ಗದ್ದ ಅಲ್ಲಾಡಿಸಿ "ಸಾಕು" ಎಂದವನೂ ನಾನೇ. ಮುಟ್ಟಿ ನೋಡಲಿಲ್ಲ. ಮುಟ್ಟಬಾರದು ಎಂಬುದು ನನ್ನ ಇಪ್ಪತ್ತು ಸ್ಲೈಡುಗಳ ತತ್ತ್ವವಾಗಿತ್ತಲ್ಲ. ಮೂರನೇ ದಿನ ಕೆಲಸಕ್ಕೆ ಹೋಗುವಾಗ ಇಳಿಜಾರಿನಲ್ಲಿ ಕೇಬಲ್ ಜಾರಿ, ಬ್ರೇಕು ಹಿಡಿಯದೆ, ಬಸವರಾಜ ನಿಂತಿದ್ದ ಒಂದು ಟೆಂಪೋಗೆ ಹೊಡೆದುಕೊಂಡ. ಮಣಿಕಟ್ಟು ಮುರಿಯಿತು. ನೋಡಲು ಹೋದರೆ, ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನೇ ನನಗೆ ಸಮಾಧಾನ ಹೇಳಿದ. "ನಂದ ತಪ್ಪ ರೀ ಸಾರ. ಬಿಗಿ ಮಾಡಿದಂವ ನಾನ ಅಲ್ಲೇನ್ರೀ? ನೀವೇನ್ ಮುಟ್ಟೀರಿ?" ಹೌದು, ನಾನು ಮುಟ್ಟಿರಲಿಲ್ಲ. ಕಬ್ಬಿಣ ಕಟ್ಟುವವನ ಬಲಗೈ ಅದು. ಅವನು ಬೈದಿದ್ದರೂ ಆ ಮಾತಿನಷ್ಟು ಚುಚ್ಚುತ್ತಿರಲಿಲ್ಲ.

ನಾರಾಯಣಮ್ಮ ಮಗಳ ಮನೆಯಿಂದ ಹಿಂದಿರುಗಿದ ದಿನವೇ ಬೀಗದ ಕೈ ತೆಗೆದುಕೊಂಡು ಹೋದೆ. ನಡೆದದ್ದನ್ನೆಲ್ಲ ಹೇಳಿ, "ಅಮ್ಮ, ಮೂರು ವರ್ಷ ಕಲಿತೆ ಅಂದ್ಕೊಂಡಿದ್ದೆ, ಏನೂ ಕಲಿತಿಲ್ಲ. ಮೇಷ್ಟ್ರ ಹೆಸರು ಕೆಡಿಸ್ತಿದ್ದೀನಿ. ಕ್ಲಾಸ್ ನಿಲ್ಲಿಸ್ಬಿಡ್ತೀನಿ" ಎಂದೆ. ಅವರು ಬೀಗದ ಕೈಯನ್ನು ತೆಗೆದುಕೊಳ್ಳಲಿಲ್ಲ.

"ಅವ್ರಿಗೆ ಕೈ ನಡುಗ್ತಿತ್ತು" ಎಂದರು. "ಕಡೇ ನಾಕ್ ವರ್ಸ. ಒಂದ್ ಲೋಟ ಇಡ್ಕಳಾಕೆ ಆಗ್ತಿರ್ಲಿಲ್ಲ. ಪೀಣ್ಯದಾಗೆ ಕೂದ್ಲೆಳೆ ಲೆಕ್ಕದಾಗೆ ಕಬ್ಣ ಉಜ್ಜಿದ್ ಕೈ. ನೀವೆಲ್ಲ ನೋಡ್ಬಾರ್ದು ಅಂತ ಇಂದಕ್ ಕಟ್ಕೊಂತಿದ್ರು."

"ಹಾಗಾದರೆ ನಟ್ಟುಗಳು?" ಎಂದೆ.

"ನೀವ್ ಟೀಗ್ ಓದ್ಮೇಲೆ ನಾನ್ ಸ್ಪ್ಯಾನರ್ ತಕೊಂಡ್ ಬರ್ತಿದ್ದೆ. ಅವ್ರು ಗದ್ದದಾಗೆ ತೋರಿಸೋರು, ನಾನ್ ಬಿಗಿಯೋಳು. ಹತ್ ನಿಮ್ಷಕ್ಕೆ ಆರ್ ಸೈಕಲ್ಲು. ಕಡೇಕಡೇಗೆ ಅವ್ರು ತೋರಿಸೋದೂ ಬೇಕಿರ್ಲಿಲ್ಲ."

"ನನಗೆ ಮೊದಲೇ ಹೇಳಬಾರದಿತ್ತೇ ಅಮ್ಮ?"

"ಎಂಗೇಳ್ಲಿ? ಪೋಟ ಮುಂದೆ ನಿಂತ್ಕೊಂಡು ಆ ಕೈ ಮೇಲೆ ಅಷ್ಟ್ ದೊಡ್ ಬಾಸಣ ಮಾಡಿದ್ರಲ್ಲ. ಅವ್ರು ಕೇಳಿದ್ರೆ ಸಂತೋಸ ಪಡ್ತಿದ್ರು ಅಂತ ಸುಮ್ಕಿದ್ದೆ."

ಅಲ್ಲಿಯೇ ಜಗಲಿಯ ಮೇಲೆ ಕುಳಿತು ಅತ್ತೆ. ನಡುಗುವ ಕೈಯ ಅವಮಾನವನ್ನು ನುಂಗಿಕೊಂಡು, ನಮ್ಮಂಥ ದಡ್ಡರಿಗೆ "ನನಗೂ ಬರುತ್ತದೆ" ಎಂಬ ಧೈರ್ಯ ಬರಲೆಂದು ಪ್ರತಿ ಭಾನುವಾರ ಅಷ್ಟು ದೊಡ್ಡ ನಾಟಕ ಆಡಿದರಲ್ಲ ಇಬ್ಬರೂ! ನಾನು ಹೊಗಳಿದ್ದು ಅವರ ಸಂಯಮವನ್ನು. ಅವರಲ್ಲಿ ಇದ್ದದ್ದು ಅದಕ್ಕಿಂತ ದೊಡ್ಡದು, ಅದಕ್ಕೆ ಸ್ಲೈಡು ಮಾಡಲು ಬರುವುದಿಲ್ಲ. ಇದನ್ನು ಬರೆಯಲೇ ಎಂದು ನಾರಾಯಣಮ್ಮನನ್ನು ಕೇಳಿದೆ. "ನೀವ್ ಬರೆದದ್ದು ಯಾರೂ ಓದಾಕಿಲ್ಲ ಅಂತ ನೀವೇ ಏಳಿದ್ರಲ್ಲ, ಬರ್ಕಳಿ" ಎಂದರು.

ಮುಂದಿನ ಭಾನುವಾರ ಕ್ಲಾಸು ನಡೆಯಿತು. ಬಸವರಾಜ ಪ್ಲಾಸ್ಟರ್ ಕೈಯಲ್ಲೇ ಬಂದ. ಅವನ ಬ್ರೇಕನ್ನು ಈ ಸಲ ನಾನು ಕೈ ಮುಟ್ಟಿಯೇ ಬಿಗಿ ಮಾಡಿದೆ, ಎರಡು ಸಲ ಎಳೆದು ನೋಡಿದೆ. ಹೊಸದಾಗಿ ಬಂದಿದ್ದ ಇಬ್ಬರಿಗೆ ನನ್ನ ಸೈಕಲ್ಲಿನ ಎಡ ಪೆಡಲನ್ನೇ ಬಿಚ್ಚಿ, ಅದರ ಮರೆ ಉಲ್ಟಾ ಇರುವುದರ ಕಾರಣವನ್ನು ವಿಸ್ತಾರವಾಗಿ ವಿವರಿಸಿ, ಮತ್ತೆ ಹಾಕಿ ತೋರಿಸಿದೆ. ಎಂಟಕ್ಕೆ ಎಲ್ಲರನ್ನೂ ಟೀಗೆ ಕಳಿಸಿ ನಾನು ಒಬ್ಬನೇ ಸ್ಪ್ಯಾನರ್ ಹಿಡಿದು ಉಳಿದೆ. ನಾರಾಯಣಮ್ಮ ಒಳಗಿನಿಂದ ಬಂದು, ಗೇಟಿನ ಕಡೆ ಗದ್ದ ತೋರಿಸಿದರು.

"ನೀವೂ ಓಗಿ."

"ನಾನು ಇದ್ದು ಸಹಾಯ ಮಾಡ್ತೀನಿ ಅಮ್ಮ."

"ಓಗಿ ಸಾರ್. ನಟ್ಟು ಕುಂತ್ಕಬೇಕು."

ಹೋದೆ. ಹಿಂದಿರುಗುವ ಹೊತ್ತಿಗೆ ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಈ ಸಲ ತಡಮಾಡಬಾರದೆಂದು, ಎಲ್ಲರ ಮುಂದೆಯೇ "ಥ್ಯಾಂಕ್ಸ್ ಅಮ್ಮ" ಎಂದುಬಿಟ್ಟೆ. ಬಸವರಾಜ ಯಾತಕ್ಕೆ ಎಂಬಂತೆ ನೋಡಿದ. ಕಾರಣ ಹೇಳುವಂತಿರಲಿಲ್ಲ, ಅವನು ಇದನ್ನು ಓದುವವರೆಗೆ ಅದು ನಮ್ಮಿಬ್ಬರ ಗುಟ್ಟು. "ಟೀಗೆ" ಎಂದೆ. ನಾರಾಯಣಮ್ಮ ಹತ್ತಿರ ಬಂದು, ನನಗೆ ಮಾತ್ರ ಕೇಳುವಂತೆ ಹೇಳಿದರು:

"ಬಸ್ರಾಜನ ಬ್ರೇಕು ಸರಿ ಐತೆ, ನಾನ್ ಮುಟ್ಟಿಲ್ಲ. ನಿಮ್ಮ ಎಡಗಡೆ ಪೆಡಲ್ಲು ಮಾತ್ರ ಕೈಗೇ ಬಂತು. ಬಿಗೀತೀನಿ ಅಂತ ಬಿಚ್ಚಿಟ್ಟಿದ್ರಿ."